ಓದಿಗೊಂದು ಉಪಕರಣ

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಹೊಯ್ಸಳರ ಕಾಲದ ಚನ್ನಕೇಶವ ಮತ್ತು ಸೋಮೇಶ್ವರ ದೇವಾಲಯಗಳಿವೆ. 1230ರ ದಶಕದಲ್ಲಿ ಪೆದ್ದಣ್ಣ ಹೆಗ್ಗಡೆ ಹಾಗೂ ಅವನ ಸೋದರರು ಇವುಗಳನ್ನು ಕಟ್ಟಿಸಿದರು. ಆ ಕಾಲದ ಸಂಗತಿಗಳನ್ನು ಇಂದಿನವರಿಗೆ ತಿಳಿಸುವವು ಕಲ್ಲಿನ ಶಾಸನಗಳು. ಶಾಸನದ ಕಲ್ಲಿಗೆ ಇರುವ ಕೆಲಸ ಒಂದೇ: ತನ್ನ ಮೇಲಿನ ಬರಹವನ್ನು ಓದುಗನ ಮುಂದಿಡುವುದು. ಆದರೆ ಹಳೆಯ ಲಿಪಿಯನ್ನು ಅರಿಯದವನಿಗೆ ಆ ಕಲ್ಲು ಮೂಕವೇ ಸರಿ. 1902ರಲ್ಲಿ ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಹಾಸನ ಜಿಲ್ಲೆಯ ಸಂಪುಟವನ್ನು ಪ್ರಕಟಿಸಿದರು. ಅರಸೀಕೆರೆ ತಾಲ್ಲೂಕಿನ ಶಾಸನಗಳು ಅದರಲ್ಲಿ ಅನುವಾದದೊಡನೆ ಅಚ್ಚಾದವು. ಓದಿಗೆ ತಕ್ಕ ನೆರವು ಒದಗಿತು.

ಓದುವ ಸಾಧನದಲ್ಲಿ ಬರಹವಷ್ಟೇ ಸಾಕೆ, ಬೇರೆ ಅನುಕೂಲಗಳೂ ಬೇಕೆ? ಇ-ರೀಡರ್ ಎಂಬ ಇಂದಿನ ಉಪಕರಣದ ವಿಷಯದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಇದರ ಪರದೆಯಲ್ಲಿ ಕೂದಲೆಳೆಯ ದಪ್ಪದಷ್ಟು ಸಣ್ಣ ಕೋಶಗಳಿರುತ್ತವೆ. ಪ್ರತಿ ಕೋಶದ ದ್ರವದಲ್ಲಿ ವಿರುದ್ಧ ವಿದ್ಯುದಾವೇಶವುಳ್ಳ ಕಪ್ಪು ಮತ್ತು ಬಿಳಿಯ ಕಣಗಳು ತೇಲುತ್ತವೆ. ವಿದ್ಯುತ್ತು ಹರಿದಾಗ ಕಪ್ಪು ಕಣಗಳು ಮೇಲೆ ಬಂದಲ್ಲಿ ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ಉಳಿಯಲು ವಿದ್ಯುತ್ತು ಬೇಕಿಲ್ಲ; ಪುಟ ಬದಲಾಗುವಾಗ ಮಾತ್ರ ಬೇಕು. ಆದುದರಿಂದ ಒಮ್ಮೆ ಚಾರ್ಜ್ ಮಾಡಿದರೆ ಇದು ವಾರಗಟ್ಟಲೆ ನಡೆಯುತ್ತದೆ. ಬಿಸಿಲಿನಲ್ಲಿಯೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕಣಗಳ ಚಲನೆ ನಿಧಾನವಾದುದರಿಂದ ಚಲನಚಿತ್ರಕ್ಕೂ ಆಟಕ್ಕೂ ಇಂತಹ ಪರದೆ ಒಗ್ಗದು. ಹಲವು ಆ್ಯಪ್‌ಗಳು ಸೇರಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಸಂದೇಶಗಳು ಮೇಲಿಂದ ಮೇಲೆ ಬಂದು ಓದುಗನ ಮನಸ್ಸನ್ನು ಪುಟದಿಂದ ಸೆಳೆಯುತ್ತವೆ. ಓದಿಗೆಂದೇ ಕೊಂಡ ಉಪಕರಣ ಓದಿಗೇ ಅಡ್ಡಿಯಾಗುತ್ತದೆ.

ಹಾಗೆಂದು ಎಲ್ಲ ಬಾಗಿಲುಗಳನ್ನೂ ಮುಚ್ಚುವುದು ಸರಿಯೆ? 2016ರಲ್ಲಿ ಅಮೆಜಾನ್ ಸಂಸ್ಥೆ ತನ್ನ ಕಿಂಡಲ್ ಪುಸ್ತಕ ಮಳಿಗೆಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಅವುಗಳಲ್ಲಿ ಕನ್ನಡ ಇರಲಿಲ್ಲ. 2020ರಲ್ಲಿ ಆರಂಭವಾದ ಮೈಲ್ಯಾಂಗ್ ಬುಕ್ಸ್ ತನ್ನದೇ ಆ್ಯಪ್‌ನ ಮೂಲಕ ಕನ್ನಡದ ಇ-ಪುಸ್ತಕಗಳನ್ನು ಓದುಗರಿಗೆ ತಲುಪಿಸಿತು. ಹೊರಗಿನ ಯಾವ ಆ್ಯಪ್‌ಗೂ ಎಡೆಯಿಲ್ಲದ ಉಪಕರಣದಲ್ಲಿ ಇಂತಹ ಪುಸ್ತಕಗಳನ್ನು ತೆರೆಯಲಾಗದು. ಓದಿನ ಏಕಾಗ್ರತೆಯನ್ನು ಕಾಯಲು ಹಾಕಿದ ಬೇಲಿ ಕನ್ನಡದ ಓದುಗನನ್ನೇ ಹೊರಗೆ ನಿಲ್ಲಿಸುತ್ತದೆ.

ಆದುದರಿಂದ ಆ್ಯಪ್‌ಗಳು ಎಷ್ಟಿರಬೇಕು ಎಂಬುದಕ್ಕಿಂತ ಎಂತಹವು ಇರಬೇಕು ಎಂಬುದೇ ಮುಖ್ಯ. ಕಠಿಣ ಪದದ ಅರ್ಥ ಹೇಳುವ ನಿಘಂಟು, ದೃಷ್ಟಿ ಮಂದವಾದವರಿಗೆ ಅಕ್ಷರವನ್ನು ಹಿಗ್ಗಿಸುವ ಸೌಕರ್ಯ, ಕನ್ನಡ ಪುಸ್ತಕಗಳ ಮಳಿಗೆ ಇವೆಲ್ಲ ಓದುಗನನ್ನು ಪುನಃ ಪುಟಕ್ಕೇ ಕರೆತರುತ್ತವೆ. ಶಾಸನಕ್ಕೆ ರೈಸ್ ಅವರ ಅನುವಾದ ಮಾಡಿದ ಉಪಕಾರವೂ ಇಂತಹುದೇ. ಓದುಗನನ್ನು ಪುಟದಿಂದ ದೂರ ಒಯ್ಯುವ ಆಟ, ಹರಟೆಗಳಿಗೆ ಮೊಬೈಲ್ ಇದ್ದೇ ಇದೆ.