ಎತ್ತಿಟ್ಟ ಟ್ರಂಪ್ ಕಾರ್ಡ್, ಎಸೆದ ಸಂಬಳದ ಚೀಟಿ

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಟ್ರಂಪ್ ಅಂದ್ರೆ ಮೊದಲು ನೆನಪಾಗೋದು ಅಮೆರಿಕದ ಅಧ್ಯಕ್ಷರಲ್ಲ, ಅಂಡರ್‌ಟೇಕರ್. ಬೆಂಗಳೂರಿನ ಗಲ್ಲಿಯಾಗಲಿ, ಕೆಜಿಎಫ್‌ನ ರೈಲು ಹಳಿ ಕೊನೆಯಾಗುವ ಮಾರಿಕುಪ್ಪಂ ಆಗಲಿ, ಆಟ ಒಂದೇ. ಕಾರ್ಡ್‌ಗಳನ್ನು ಸಮನಾಗಿ ಹಂಚೋದು. ಮೇಲಿನ ಕಾರ್ಡ್ ನೋಡಿ ಎತ್ತರ, ತೂಕ, ಎದೆಯಳತೆ, ಗೆದ್ದ ಪಂದ್ಯ, ಯಾವುದಾದರೂ ಒಂದನ್ನು ಕೂಗೋದು. ಹೆಚ್ಚು ಅಂಕಿ ಇದ್ದವನಿಗೆ ಎದುರಿನವನ ಕಾರ್ಡ್. ರ‍್ಯಾಂಕ್‌ನಲ್ಲಿ ಮಾತ್ರ ಉಲ್ಟಾ, ಕಡಿಮೆ ಅಂಕಿಗೇ ಗೆಲುವು. ಯೊಕೊಜುನಾ ಕೈಗೆ ಬಂದರೆ ಕಣ್ಮುಚ್ಚಿ 'ತೂಕ' ಅನ್ನಬಹುದಿತ್ತು.

1999ರ ವಿಶ್ವಕಪ್ ಹೊತ್ತಿಗೆ ಬಿಸ್ಕೆಟ್ ಕವರ್ ಕೂಡ ಸಂಗ್ರಹದ ವಸ್ತುವಾಯ್ತು. ಬ್ರಿಟಾನಿಯಾ ಕಂಪನಿ ಪ್ಯಾಕೆಟ್ ಮೇಲೆ 'ರನ್' ಅಚ್ಚು ಹಾಕಿಸಿತ್ತು. ರನ್ ಕೂಡಿಸೋಕೆ ಅಂತಲೇ ಮನೆಮನೆಯಲ್ಲಿ ಬಿಸ್ಕೆಟ್ ಖರ್ಚಾಯ್ತು.

ಅಮೆರಿಕದಲ್ಲಿ ಇದೇ ಹುಚ್ಚಿನ ಹೆಸರು ಬೇಸ್‌ಬಾಲ್ ಕಾರ್ಡ್. ಟಾಪ್ಸ್ ಕಂಪನಿ 1952ರಲ್ಲಿ ಅಚ್ಚು ಹಾಕಿದ ಮಿಕಿ ಮ್ಯಾಂಟಲ್ ಕಾರ್ಡೊಂದು 2022ರಲ್ಲಿ 1.26 ಕೋಟಿ ಡಾಲರ್‌ಗೆ ಹರಾಜಾಯ್ತು. ಅಂದಿನ ಲೆಕ್ಕದಲ್ಲಿ ಹತ್ತಿರ ಹತ್ತಿರ 100 ಕೋಟಿ ರೂಪಾಯಿ! ತಮಾಷೆ ಅಂದ್ರೆ, ಆ ವರ್ಷ ಮಾರಾಟವಾಗದೆ ಉಳಿದ ಕಾರ್ಡ್‌ಗಳನ್ನು ಕಂಪನಿ ಮುಂದೆ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದಿತ್ತು.

ಹಾಗಾದರೆ ರಟ್ಟಿನ ಚೂರಿಗೆ ಬೆಲೆ ಬರೋದು ಹೇಗೆ? ನೆನಪು ಸಿಹಿಯಾಗಿದ್ದರೆ ಸಾಲದು. ವಸ್ತು ಅಪರೂಪವಾಗಬೇಕು. ಯಾರೋ ಒಬ್ಬರು ಅದನ್ನು ಎತ್ತಿಟ್ಟಿರಬೇಕು. ಯಾವ ಕಾರ್ಡ್, ಯಾವ ವರ್ಷದ್ದು ಅಂತ ಪಟ್ಟಿ ಇರಬೇಕು. ಎತ್ತಿಡೋಕೆ ಜಾಗ ಬೇಕು, ಆ ಜಾಗ ನಮ್ಮದೇ ಅನ್ನೋ ಭರವಸೆ ಬೇಕು. ನಾಸ್ಟಾಲ್ಜಿಯಾಗೂ ವರ್ಗ ಇದೆ ಅನ್ನೋದು ಇದಕ್ಕೇ.

ಈಗ ಕೆಜಿಎಫ್ ನೋಡಿ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್, ಕೊನೆಗೆ ಸರ್ಕಾರಿ ಸ್ವಾಮ್ಯದ ಬಿಜಿಎಂಎಲ್ ನಡೆಸಿದ ಗಣಿ 2001ರ ಫೆಬ್ರವರಿ 28ಕ್ಕೆ ನಿಂತಿತು. ಕಾರ್ಡ್‌ಗಳ ಮೇಲಿದ್ದ 'ಡಬ್ಲ್ಯೂಡಬ್ಲ್ಯೂಎಫ್' 2002ರಲ್ಲಿ 'ಡಬ್ಲ್ಯೂಡಬ್ಲ್ಯೂಇ' ಆಯ್ತು. ಅಂದ್ರೆ ಹಳೇ ಹೆಸರಿನ ಕಾರ್ಡ್ ಇಟ್ಟುಕೊಂಡು ಆಡಿದ ಇಲ್ಲಿನ ಮಕ್ಕಳೇ ಗಣಿಯ ಸೈರನ್ ಕೇಳಿ ಬೆಳೆದ ಕೊನೆಯ ತಲೆಮಾರು. ಕಾರ್ಮಿಕರ ಲೈನ್ ಮನೆಗಳು ಕಂಪನಿಯ ಆಸ್ತಿ. ಕೆಲಸ ಹೋಯ್ತು, ಮನೆ ನಮ್ಮದೋ ಅಲ್ಲವೋ ಅನ್ನೋ ಪ್ರಶ್ನೆ ಉಳಿಯಿತು. ಎಷ್ಟೋ ಜನ ಊರು ಬಿಟ್ಟರು. ಉಳಿದವರಲ್ಲಿ ಸಾವಿರಾರು ಜನ ಇವತ್ತಿಗೂ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಇಂಥ ಕಡೆ ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗೋದು ಕಾಗದ.

ಕಾರ್ಡ್ ಹೋದರೆ ಬೇಜಾರಷ್ಟೇ. ಆದರೆ ಅದೇ ಟ್ರಂಕಿನಲ್ಲಿ ಅಪ್ಪನ ಸಂಬಳದ ಚೀಟಿ, ಯೂನಿಯನ್ ರಸೀದಿ, ಎದೆಯ ಎಕ್ಸ್‌ರೇ ಇರ್ತಿತ್ತು. ಗಣಿ ಧೂಳಿನಿಂದ ಬರುವ ಸಿಲಿಕೋಸಿಸ್ ಕಾಣಿಸಿಕೊಳ್ಳೋಕೆ ಹತ್ತಾರು ವರ್ಷ ಬೇಕಾಗಬಹುದು. ಆಗ ಪರಿಹಾರ ಕೇಳೋಕೆ, ಬಾಕಿ ಕೇಳೋಕೆ, ಮನೆ ಕೇಳೋಕೆ ಆ ಕಾಗದವೇ ಸಾಕ್ಷಿ. ಕಾಗದ ಇಲ್ಲದ ಊರಿನ ಕಥೆಯನ್ನು ಬೇರೆಯವರು ತಮಗೆ ಬೇಕಾದ ಹಾಗೆ ಹೇಳ್ತಾರೆ. 2018ರ ಸಿನಿಮಾ ನೋಡಿದವರಿಗೆ ಕೆಜಿಎಫ್ ಅಂದ್ರೆ ರಾಕಿ ಭಾಯ್. ಯೂನಿಯನ್ ಕಟ್ಟಿ ಹಕ್ಕು ಕೇಳಿದ ಕಾರ್ಮಿಕರು ಎಷ್ಟು ಜನಕ್ಕೆ ಗೊತ್ತು?

ನಾಸ್ಟಾಲ್ಜಿಯಾ ತಪ್ಪಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಟ್ರಂಕ್ ತೆರೆದು ಅಂಡರ್‌ಟೇಕರ್‌ನನ್ನು ಖಂಡಿತ ಹುಡುಕಿ. ಜೊತೆಗೆ ಅಪ್ಪನದೋ ತಾತನದೋ ಒಂದು ಚೀಟಿ ಸಿಕ್ಕರೆ ಎಸೀಬೇಡಿ. ಫೋಟೊ ತೆಗೆದು, ವರ್ಷ, ಗಣಿಯ ಹೆಸರು ಬರೆದಿಡಿ. ಕಾರ್ಡ್ ಪಟ್ಟಿ ಮಾಡೋದು ಹೇಗೆ ಅಂತ ನಮಗೆ ಎಂಟನೇ ವಯಸ್ಸಿಗೇ ಗೊತ್ತಿತ್ತಲ್ವಾ?