ಎಲ್ಲರೂ ದೂರ ಸರಿದರೇ?

ಬೆಟ್ಟದ ನೆತ್ತಿಯ ಮಣ್ಣುರಸ್ತೆಯಲ್ಲಿ ಒಂದು ದೈತ್ಯ ಯಂತ್ರ ನಿಂತಿದೆ. ಅದರ ಉಕ್ಕಿನ ಕಂಬದ ತುದಿಯಿಂದ ಹೊರಟ ಹಗ್ಗ ಇಡೀ ಕಣಿವೆಯನ್ನು ದಾಟಿ ಎದುರು ಗುಡ್ಡಕ್ಕೆ ಬಿಗಿದುಕೊಂಡಿದೆ. ಕೆಳಗೆ, ಕಡಿದು ಉರುಳಿಸಿದ ಫರ್ ಮರಗಳ ರಾಶಿಯ ನಡುವೆ ಮೂರ್ನಾಲ್ಕು ಮಂದಿ ದಿಮ್ಮಿಗಳಿಗೆ ಉಕ್ಕಿನ ಕುಣಿಕೆ ಹಾಕುತ್ತಿದ್ದಾರೆ. ಯಂತ್ರದ ಕೋಣೆಯಲ್ಲಿ ಕುಳಿತ ಚಾಲಕನಿಗೆ ಹಗ್ಗ ಕಾಣುತ್ತದೆ, ಆಕಾಶ ಕಾಣುತ್ತದೆ. ಕೆಳಗಿರುವ ಆ ಮನುಷ್ಯರು ಮಾತ್ರ ಬಹುಪಾಲು ಕಾಣುವುದೇ ಇಲ್ಲ!

ಅವರಿಗೂ ಇವನಿಗೂ ನಡುವೆ ಇರುವ ಸಂಬಂಧ ಒಂದು ಸಿಳ್ಳೆ. ಕುಣಿಕೆ ಹಾಕಿದವರು ಅಪಾಯದ ಜಾಗದಿಂದ ದೂರ ಸರಿದು ನಿಂತ ಮೇಲೆ ಅವರಲ್ಲೊಬ್ಬ ಸೊಂಟಕ್ಕೆ ಕಟ್ಟಿಕೊಂಡ ರೇಡಿಯೋದ ಗುಂಡಿ ಒತ್ತುತ್ತಾನೆ. ಮೇಲೆ ಯಂತ್ರದ ಸಿಳ್ಳೆ ಕೂಗುತ್ತದೆ. ಚಾಲಕ ಲಿವರ್ ಎಳೆಯುತ್ತಾನೆ. ಟನ್ನುಗಟ್ಟಲೆ ತೂಕದ ಮರ ಮಿಸುಕಾಡಿ ಮೇಲೇಳುತ್ತದೆ, ಗಿರ್ರನೆ ತಿರುಗುತ್ತದೆ, ಮೋಟು ಬುಡಕ್ಕೆ ಬಡಿಯುತ್ತದೆ, ಪಕ್ಕದ ದಿಮ್ಮಿಯನ್ನೂ ಉರುಳಿಸುತ್ತದೆ. ಅಷ್ಟರಲ್ಲಿ ಒಬ್ಬ ಏನನ್ನೋ ಬಿಟ್ಟುಬಂದೆನೆಂದು ಹಿಂದಿರುಗಿದ್ದರೆ? ಸಿಳ್ಳೆಗೆ ಅದು ತಿಳಿಯದು. ಲಿವರ್ ಎಳೆದವನಿಗೆ ತಿಳಿಯುವುದು ಆಮೇಲೆ.

ಅಮೆರಿಕದ ಇಡಾಹೊ, ಆರೆಗನ್, ವಾಷಿಂಗ್ಟನ್ ರಾಜ್ಯಗಳ ಕಡಿದಾದ ಕಾಡುಗಳಲ್ಲಿ ಮರ ಸಾಗಿಸುವ ಬಗೆ ಇದು. ಆ ದೇಶದ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಪ್ರಕಾರ 2023ರಲ್ಲಿ ಕೆಲಸದ ವೇಳೆ ಸತ್ತವರು ಒಟ್ಟಾರೆ ಲಕ್ಷ ಕಾರ್ಮಿಕರಿಗೆ 3.5 ಮಂದಿ. ಮರ ಕಡಿಯುವ ಕಸುಬಿನಲ್ಲಿ ಆ ಸಂಖ್ಯೆ 98.9!

ಸಾವನ್ನು ತಗ್ಗಿಸಲು ಹುಡುಕಿದ ಮೊದಲ ಉಪಾಯ, ಮನುಷ್ಯನನ್ನು ನೆಲದಿಂದ ಎತ್ತಿ ಯಂತ್ರದೊಳಗೆ ಕೂರಿಸುವುದು. 1995ರ ಫೆಬ್ರವರಿಯ ನಂತರ ಕೆಲಸಕ್ಕಿಳಿಯುವ ಕಾಡುಯಂತ್ರಗಳಿಗೆ ಮಗುಚಿದರೂ ಜಜ್ಜಿಹೋಗದ, ಮರ ಬಿದ್ದರೂ ಕುಸಿಯದ ಕೋಣೆ ಇರಬೇಕೆಂದು ಅಮೆರಿಕ ನಿಯಮ ಮಾಡಿತು. ಒಳಗೆ ಕುಳಿತವನಿಗೆ ಇದರಿಂದ ದೊಡ್ಡ ರಕ್ಷೆಯೇ ಸಿಕ್ಕಿತು. ಆದರೆ ಕಿಟಕಿಯಾಚೆಯ ಲೋಕ ಇನ್ನಷ್ಟು ದೂರವಾಯಿತು. ಹಾರ್ವೆಸ್ಟರ್ ಎಂಬ ಯಂತ್ರವನ್ನೇ ನೋಡಿ. ಮರವನ್ನು ಕೈಯಲ್ಲಿ ಹಿಡಿದಂತೆ ಹಿಡಿದು, ಕೊಯ್ದು, ಕೊಂಬೆ ಸವರಿ, ತುಂಡು ಮಾಡಿ ಹಾಕುತ್ತದೆ. ಅದರ ಗರಗಸದ ಸರಪಳಿ ಸೆಕೆಂಡಿಗೆ 40 ಮೀಟರ್‌ವರೆಗಿನ ವೇಗದಲ್ಲಿ ಓಡುತ್ತದೆ. ಸರಪಳಿ ತುಂಡಾದರೆ ಅದರ ಕೊಂಡಿಯೊಂದು ಬಂದೂಕಿನ ಗುಂಡಿನಂತೆ ಸಿಡಿಯುತ್ತದೆ. ಅದಕ್ಕೇ ಕೋಣೆಗೆ ಮಾಮೂಲಿ ಗಾಜಲ್ಲ, ದಪ್ಪ ಪಾಲಿಕಾರ್ಬೊನೇಟ್ ಕಿಟಕಿ. ಹೊರಗಿನವರಿಗೆ? ಯಂತ್ರದ ಮೈಮೇಲೆ 70 ಅಥವಾ 90 ಮೀಟರ್ ದೂರವಿರಿ ಎಂಬ ಒಂದು ಚೀಟಿ.

ಕೃತಕ ಬುದ್ಧಿಮತ್ತೆ ಇಲ್ಲಿ ಏನು ಮಾಡಬಲ್ಲದು? ಕ್ಯಾಮೆರಾ ಕಣ್ಣಿಟ್ಟು ಮನುಷ್ಯನನ್ನು ಗುರುತಿಸುವ ವ್ಯವಸ್ಥೆ ಗೋದಾಮುಗಳಲ್ಲಿ, ಕಟ್ಟಡ ಕೆಲಸದ ಜಾಗಗಳಲ್ಲಿ ಬಂದಿದೆ. ಆದರೆ ಕಾಡೆಂದರೆ ಗೋದಾಮಲ್ಲ. ಪೊದೆಯ ಹಿಂದೆ ಕುಕ್ಕರಿಸಿ ಕುಣಿಕೆ ಬಿಗಿಯುತ್ತಿರುವವನನ್ನು ಯಾವ ಕ್ಯಾಮೆರಾ ಕಂಡೀತು? ಹಾಗಾಗಿ ಇಡಾಹೊ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಜಾಡು ಹಿಡಿದರು. ನೋಡುವುದು ಬೇಡ, ಆತ ಎಲ್ಲಿದ್ದಾನೆಂದು ಆತನ ಮೈಮೇಲಿನ ಸಾಧನವೇ ಹೇಳಲಿ!

2017ರಲ್ಲಿ ಅವರು ಪ್ರಕಟಿಸಿದ್ದು ನಡೆದಾಡುವ ಬೇಲಿಯ ಕಲ್ಪನೆ. ಮರ ಕಡಿಯುವವನ ಸುತ್ತ, ಚಲಿಸುವ ಯಂತ್ರದ ಸುತ್ತ ಕಣ್ಣಿಗೆ ಕಾಣದ ವೃತ್ತವೊಂದು ಇರುತ್ತದೆ. ಉಪಗ್ರಹದಿಂದ ಸ್ಥಾನ ತಿಳಿದು ರೇಡಿಯೋ ಮೂಲಕ ಸಾರುವ ಪುಟ್ಟ ಪೆಟ್ಟಿಗೆ ಎಲ್ಲರ ಬಳಿಯೂ ಇರುತ್ತದೆ. ಮೊಬೈಲ್ ಸಂಕೇತ ಸಿಗದ ಕಣಿವೆಯಲ್ಲೂ ಇದು ನಡೆದೀತು. ಯಾರಾದರೂ ವೃತ್ತದೊಳಗೆ ಕಾಲಿಟ್ಟರೆ ಎಚ್ಚರಿಕೆ. ಕೇಳಲು ಸೊಗಸಾಗಿದೆ, ಆದರೆ ಪೆಟ್ಟಿಗೆ ಕೆಲವು ಸೆಕೆಂಡಿಗೊಮ್ಮೆ ಮಾತ್ರ ಮಾತಾಡುತ್ತದೆ. ಬಿರುಸಾಗಿ ನಡೆಯುವವನು ಅಷ್ಟರಲ್ಲಿ ಬೇಲಿ ದಾಟಿ ಒಳಗಿರುತ್ತಾನೆ. ದಟ್ಟ ಮರಗಳೂ ಗುಡ್ಡಗಳೂ ಅಡ್ಡ ಬಂದರೆ ಸ್ಥಾನವೇ ಮೀಟರುಗಟ್ಟಲೆ ತಪ್ಪೀತು.

ಎಲ್ಲಿದ್ದಾನೆ ಎಂಬುದಷ್ಟೇ ಸಾಲದು, ಏನು ಮಾಡುತ್ತಿದ್ದಾನೆ ಎಂಬುದೂ ತಿಳಿಯಬೇಕು. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉತ್ತರ ಇಡಾಹೊದ ಕಾಡಿನಲ್ಲಿ ಕುಣಿಕೆ ಹಾಕುವವರಿಗೂ ಬಿಚ್ಚುವವರಿಗೂ ಸ್ಮಾರ್ಟ್ ವಾಚ್ ಕಟ್ಟಲಾಯಿತು. ಕೈ ಬೀಸುವ, ಬಗ್ಗುವ, ನಡೆಯುವ ರೀತಿಯಿಂದಲೇ ಆತ ಕುಣಿಕೆ ಹಾಕುತ್ತಿದ್ದಾನೋ ದೂರ ಸರಿಯುತ್ತಿದ್ದಾನೋ ಎಂದು ಕಂಪ್ಯೂಟರ್ ಲೆಕ್ಕ ಹಾಕಬೇಕು. ಬಳಸಿದ ಗಣಿತ ವಿಧಾನದ ಹೆಸರೂ ತಮಾಷೆಯದೇ: ‘ರ್‍ಯಾಂಡಮ್ ಫಾರೆಸ್ಟ್’. ನೂರಾರು ‘ನಿರ್ಧಾರದ ಮರ’ಗಳು ಒಂದೊಂದು ಮತ ಹಾಕುತ್ತವೆ, ಬಹುಮತ ಬಿದ್ದದ್ದೇ ಉತ್ತರ. ಲೆಕ್ಕ ಬಹಳ ಸಲ ಸರಿ ಬಂತು, ಎಲ್ಲ ಸಲವೂ ಅಲ್ಲ. ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ತಿಳಿಯಲು ಇಷ್ಟು ಸಾಕು. ಒಬ್ಬನ ತಲೆಯ ಮೇಲೆ ಮರ ಎತ್ತಬಹುದೇ ಎಂದು ತೀರ್ಮಾನಿಸಲು?

ತೊಡಕಿನ ಇನ್ನೊಂದು ಮುಖ ಕೋಣೆಯೊಳಗಿದೆ. ನಮ್ಮ ಬೀದಿಯಲ್ಲಿ ಜೆಸಿಬಿ ಹಿಂದಕ್ಕೆ ಬರುವಾಗ ಕೂಗುವ ಬೀಪ್ ಸದ್ದಿಗೆ ಯಾರು ತಲೆ ಎತ್ತಿ ನೋಡುತ್ತಾರೆ? ದಿನಕ್ಕೆ ಇಪ್ಪತ್ತು ಸಲ ಸುಮ್ಮಸುಮ್ಮನೆ ಕೂಗುವ ಗಂಟೆಗೆ ಇಪ್ಪತ್ತೊಂದನೆಯ ಸಲ ಚಾಲಕನ ಕೈ ನಿಲ್ಲದು. ಕೂಗದೆ ಸುಮ್ಮನಿರುವ ಗಂಟೆ ಅದಕ್ಕಿಂತ ಅಪಾಯಕಾರಿ. ‘ಎಲ್ಲ ಹಸಿರು ತೋರಿಸುತ್ತಿದೆ’ ಎಂದು ಆತ ಸಿಳ್ಳೆಗೂ ಕಾಯದೆ ಲಿವರ್ ಎಳೆದುಬಿಟ್ಟಾನು.

ಕಣ್ಣು ಹೊರಗೆ ಮಾತ್ರವಲ್ಲ, ಚಾಲಕನ ಮುಖದ ಮೇಲೂ ಬಿದ್ದಿದೆ. ಆಸ್ಟ್ರೇಲಿಯಾದ ಸೀಯಿಂಗ್ ಮೆಷೀನ್ಸ್ ಕಂಪನಿಯ ಕ್ಯಾಮೆರಾ ಗಣಿಗಳ ಭಾರಿ ಲಾರಿಗಳಲ್ಲಿ ಪಳಗಿದ್ದು. ರೆಪ್ಪೆ ಹೊತ್ತಿಗಿಂತ ಹೆಚ್ಚು ಮುಚ್ಚಿಕೊಂಡರೆ ಸದ್ದು ಮಾಡಿ ಆಸನವನ್ನು ನಡುಗಿಸುತ್ತದೆ. ನಸುಕಿಗೆ ಎದ್ದು ಕಾಡು ಸೇರುವವನಿಗೆ ಇದು ಉಪಕಾರವೇ. ಆದರೆ ಆ ತೂಕಡಿಕೆಯ ಚಿತ್ರ ಕೋಣೆಯಲ್ಲೇ ಉಳಿಯುತ್ತದೆಯೋ, ಮಾಲೀಕನ ಕಚೇರಿ ಸೇರಿ ಸಂಬಳದ ಲೆಕ್ಕಕ್ಕೆ ಬರುತ್ತದೆಯೋ? ಇದನ್ನು ಮೊದಲೇ ಬರೆದು ಕೊಡದಿದ್ದರೆ ಕ್ಯಾಮೆರಾದ ಮೇಲೆ ಟೋಪಿ ನೇತುಹಾಕುವವನನ್ನು ದೂರುವಂತಿಲ್ಲ.

ಸದ್ಯ ಆ ಕಡಿದಾದ ಕಣಿವೆಗಳಲ್ಲಿ ಅಪ್ಪಣೆ ಕೊಡುವುದು ಹಳೆಯ ಸಿಳ್ಳೆಯೇ. ಸಿಳ್ಳೆ ಕೂಗಿದ ಮೇಲೂ ಗಡಿಯಾರ ‘ಇಲ್ಲೊಬ್ಬ ಇನ್ನೂ ಬಗ್ಗಿಯೇ ಇದ್ದಾನೆ’ ಎಂದರೆ ಚಾಲಕ ರೇಡಿಯೋ ಎತ್ತಿಕೊಂಡು ಮತ್ತೊಮ್ಮೆ ಕೇಳಬಹುದು. ಕೆಳಗಿನಿಂದ ಹೆಸರು ಹೇಳಿ ಉತ್ತರ ಬರುವವರೆಗೆ ಹಗ್ಗ ಸಡಿಲವಾಗಿಯೇ ಇರುತ್ತದೆ.