ಉತ್ತರಕಿರೀಟದ ಜ್ವಾಲಾತಾರೆ

ನಕ್ಷತ್ರಗಳು ಎಂದೆಂದಿಗೂ ಒಂದೇ ರೀತಿಯಲ್ಲಿರುವುವೆಂದು ನಮ್ಮಲ್ಲಿ ಬಹುಮಂದಿಯ ನಂಬಿಕೆ. ಅಜ್ಜನು ಕಂಡ ಸ್ವಾತಿಯನ್ನೇ ಮೊಮ್ಮಗನೂ ಕಾಣುವನಷ್ಟೆ! ಆದರೆ ಕೆಲವು ತಾರೆಗಳು ಈ ನಿಯಮಕ್ಕೆ ಕಟ್ಟುಬಿದ್ದವಲ್ಲ. ಅನೇಕ ವರ್ಷ ಬರಿಗಣ್ಣಿಗೆ ಕಾಣಿಸದೆ ಅಡಗಿದ್ದು, ಒಂದು ರಾತ್ರಿ ಥಟ್ಟನೆ ಉಜ್ವಲವಾಗಿ ಬೆಳಗಿ, ಕೆಲವೇ ದಿನಗಳಲ್ಲಿ ಪುನಃ ಮರೆಯಾಗುವುವು. ಇಂತಹವುಗಳನ್ನು ಮೊದಲು ಕಂಡವರಲ್ಲಿ ಅನೇಕರು ವೇಧಶಾಲೆಯ ಪಂಡಿತರಲ್ಲ. ಹಗಲೆಲ್ಲ ತಮ್ಮ ಕಸುಬನ್ನು ನಡೆಸಿ, ರಾತ್ರಿ ಕೇವಲ ಪ್ರೀತಿಯಿಂದ ಆಕಾಶವನ್ನು ನೋಡುತ್ತಿದ್ದ ಗೃಹಸ್ಥರು.

ಐರ್ಲೆಂಡಿನ ಟ್ಯೂಅಮ್ ಎಂಬ ಊರಿನ ಬಳಿ ಜಾನ್ ಬರ್ಮಿಂಗ್‌ಹ್ಯಾಮ್ ಎಂಬ ಜಮೀನುದಾರನಿದ್ದನು. 1866ನೆಯ ಇಸವಿ ಮೇ 12ರ ರಾತ್ರಿ ಆತನು ಮಿತ್ರನ ಮನೆಯಿಂದ ಹಿಂದಿರುಗುತ್ತಿದ್ದಾಗ, ಉತ್ತರಕಿರೀಟವೆಂಬ ತಾರಾಪುಂಜದಲ್ಲಿ ಎಂದೂ ಇಲ್ಲದ ಒಂದು ಪ್ರಕಾಶಮಾನವಾದ ತಾರೆ ಕಣ್ಣಿಗೆ ಬಿದ್ದಿತು. ಅದೇ ರಾತ್ರಿ ಕೆಲವು ಗಂಟೆಗಳ ಮುಂಚೆ ಅಥೆನ್ಸಿನಲ್ಲಿ ಷ್ಮಿಟ್ ಎಂಬ ವಿದ್ವಾಂಸನು ಅದೇ ಭಾಗವನ್ನು ನೋಡಿದ್ದರೂ, ಅಲ್ಲಿ ಹೊಸತೇನೂ ಆತನಿಗೆ ಕಂಡಿರಲಿಲ್ಲ. ಅಷ್ಟು ಶೀಘ್ರವಾಗಿ ಆ ತಾರೆ ಹೊತ್ತಿಕೊಂಡಿತ್ತು!

ಬರ್ಮಿಂಗ್‌ಹ್ಯಾಮನು ಈ ವಾರ್ತೆಯನ್ನು ಲಂಡನ್ನಿನ ವಿಲಿಯಂ ಹಗಿನ್ಸ್‌ಗೆ ಬರೆದು ತಿಳಿಸಿದನು. ಹಗಿನ್ಸನು ಮೇ 16ರಂದು ತಾರೆಯ ಬೆಳಕನ್ನು ವರ್ಣಪಟಲವಾಗಿ ಬಿಡಿಸಿ ನೋಡಲು, ಉರಿಯುವ ಜಲಜನಕದ ಪ್ರಕಾಶರೇಖೆಗಳು ಕಂಡುಬಂದುವು. ಹೀಗೆ ಸ್ಫೋಟಗೊಂಡ ತಾರೆಯೊಂದನ್ನು ವರ್ಣಪಟಲದ ಮೂಲಕ ಪರೀಕ್ಷಿಸಿದುದು ಅದೇ ಮೊದಲು. ಹತ್ತು ದಿನ ಕಳೆಯುವುದರೊಳಗೆ ತಾರೆ ಬರಿಗಣ್ಣಿಗೆ ಮರೆಯಾಯಿತು. ಪತ್ರವು ತಡವಾಗಿದ್ದರೆ ಆ ಜ್ಞಾನವೂ ಕೈತಪ್ಪುತ್ತಿತ್ತು.

ಈ ವಿಚಿತ್ರಕ್ಕೆ ಕಾರಣವೇನು? ಅಲ್ಲಿರುವುದು ಒಂದು ತಾರೆಯಲ್ಲ, ಎರಡು. ಒಂದು ಉಬ್ಬಿದ ಕೆಂಪು ದೈತ್ಯ. ಇನ್ನೊಂದು ಭೂಮಿಯಷ್ಟೇ ಗಾತ್ರದ, ಆದರೆ ಸೂರ್ಯನಿಗಿಂತ ಹೆಚ್ಚು ದ್ರವ್ಯವುಳ್ಳ ಶ್ವೇತ ಕುಬ್ಜ. ಇವೆರಡೂ ಸುಮಾರು 228 ದಿನಗಳಿಗೊಮ್ಮೆ ಒಂದನ್ನೊಂದು ಸುತ್ತುವುವು. ದೈತ್ಯನ ಮೈಯಿಂದ ಜಲಜನಕವು ಕುಬ್ಜನ ಮೇಲೆ ಸುರಿದು ಪದರಪದರವಾಗಿ ಶೇಖರವಾಗುವುದು. ಒತ್ತಡವೂ ಶಾಖವೂ ಮಿತಿಮೀರಿದಾಗ ಆ ಪದರವು ಜಲಜನಕ ಬಾಂಬಿನಂತೆ ಸಿಡಿಯುವುದು. ಆಗ ಕಾಂತಿಯು ಸಾವಿರ ಮಡಿಗೂ ಮೀರಿ ಏರುವುದು. ಆದರೆ ಕುಬ್ಜನು ನಾಶವಾಗನು, ಮತ್ತೆ ಸಂಗ್ರಹಿಸತೊಡಗುವನು.

ಆದುದರಿಂದ ಈ ತಾರೆ ಮತ್ತೊಮ್ಮೆ ಸಿಡಿಯಬಹುದೆಂದು ಎದುರುನೋಡುತ್ತಿದ್ದವರುಂಟು. ಅವರಲ್ಲಿ ಅಮೆರಿಕೆಯ ಓಹಾಯೋ ಸಂಸ್ಥಾನದ ಲೆಸ್ಲಿ ಪೆಲ್ಟಿಯರ್ ಅಗ್ರಗಣ್ಯನು. ಒಕ್ಕಲಿಗರ ಮನೆಯ ಈ ಹುಡುಗನು ಸ್ಟ್ರಾಬೆರಿ ಹಣ್ಣುಗಳನ್ನು ಕಿತ್ತು, ಕೂಲಿಯ ಹಣದಿಂದ 18 ಡಾಲರಿನ ಒಂದು ದುರ್ಬೀನನ್ನು ಕೊಂಡನು. 1918ರಿಂದ 1980ರಲ್ಲಿ ತೀರಿಕೊಳ್ಳುವವರೆಗೂ ಕಾಂತಿ ಏರಿಳಿಯುವ ತಾರೆಗಳನ್ನು ನೋಡಿ ವರದಿ ಕಳುಹಿಸಿದನು. ಆ ವರದಿಗಳ ಸಂಖ್ಯೆ 1,32,000ಕ್ಕೂ ಹೆಚ್ಚು! ಉತ್ತರಕಿರೀಟದ ಈ ತಾರೆಯನ್ನಂತೂ ಇಪ್ಪತ್ತೈದು ವರ್ಷ ತಪ್ಪದೆ ಕಾದನು.

1946ರ ಫೆಬ್ರವರಿಯ ಒಂದು ಬೆಳಗಿನ ಜಾವ ಎರಡೂವರೆ ಗಂಟೆಗೆ ಆತನು ಎದ್ದನು. ಆಕಾಶ ನಿರ್ಮಲವಾಗಿತ್ತು. ಆದರೆ ನೆಗಡಿಯ ಸೂಚನೆ ತೋರಿದುದರಿಂದ ಪುನಃ ಹೋಗಿ ಮಲಗಿದನು. ಅದೇ ರಾತ್ರಿ ತಾರೆ ಸಿಡಿದಿತ್ತು! ಎಂಬತ್ತು ವರ್ಷಗಳ ಬಳಿಕ ಬಂದ ಅತಿಥಿಯನ್ನು ಸೋವಿಯತ್ ದೇಶದ ಒಬ್ಬ ರೈಲ್ವೆ ನೌಕರನೂ, ಇಂಗ್ಲೆಂಡಿನ ಹವ್ಯಾಸಿಯೊಬ್ಬನೂ, ಯರ್ಕೀಸ್ ವೇಧಶಾಲೆಯ ಡಾಯ್ಚ್ ಎಂಬ ಖಗೋಳಜ್ಞನೂ ಕಂಡರು. ಕಾಲು ಶತಮಾನ ಕಾದವನು ಕಾಣಲಿಲ್ಲ. ತಪ್ಪು ತನ್ನದೇ ಎಂದು ಒಪ್ಪಿದರೂ, ಆ ತಾರೆಯೊಡನೆ ಹಿಂದಿನ ಸ್ನೇಹ ಉಳಿಯಲಿಲ್ಲವೆಂದು ಪೆಲ್ಟಿಯರನು ಆತ್ಮಕಥೆಯಲ್ಲಿ ಬರೆದಿರುವನು. ಆದರೂ ಮುಂದೆ ಮೂವತ್ತನಾಲ್ಕು ವರ್ಷ ತನ್ನ ದುರ್ಬೀನನ್ನು ಆತನು ಬಿಡಲಿಲ್ಲ. ಆತನ ಹಿರಿಮೆಯೆಲ್ಲ ಇದರಲ್ಲಿಯೇ ಇರುವುದು.

ಈ ತಾರೆಯ ಸ್ಥಾನವನ್ನು ತಿಳಿದುಕೊಳ್ಳಲು ನಮಗೆ ಯಾವ ಯಂತ್ರವೂ ಬೇಕಿಲ್ಲ. ವೈಶಾಖ ಜ್ಯೇಷ್ಠಗಳ ರಾತ್ರಿ, ಮುಂಗಾರಿನ ಮೋಡ ಕವಿಯುವ ಮೊದಲು, ಮಾಳಿಗೆಯ ಮೇಲೆ ನಿಂತು ಸ್ವಾತಿಯಿಂದ ಅಭಿಜಿತ್ ನಕ್ಷತ್ರದವರೆಗೆ ಒಂದು ಗೆರೆಯನ್ನು ಕಲ್ಪಿಸಿಕೊಳ್ಳಬೇಕು. ಸ್ವಾತಿಯಿಂದ ಮೂರರಲ್ಲೊಂದು ಪಾಲು ಸಾಗಿದರೆ ಅರ್ಧ ಬಳೆಯಾಕಾರದ ತಾರೆಗಳ ಸಾಲು ದೊರೆಯುವುದು. ಅದೇ ಉತ್ತರಕಿರೀಟ. ಜ್ವಾಲಾತಾರೆಯ ಮನೆ ಅದರ ಅಂಚಿನಲ್ಲಿದೆ. ಮಕ್ಕಳಿಗೆ ಆ ಸ್ಥಳವನ್ನು ಈಗಲೇ ಗುರುತು ಮಾಡಿಸಿಟ್ಟರೆ ಲೇಸು. ಅಲ್ಲಿ ಎಂದಿನ ತಾರೆಗಳು ಯಾವುವೆಂದು ಬಲ್ಲವನಿಗೆ ಮಾತ್ರವೇ ಹೊಸ ತಾರೆಯೊಂದು ಬಂದಿರುವುದು ತಿಳಿಯುವುದು.